ಸ್ಕ್ರೀನಿನ ಬಣ್ಣ ಕಾಗದಕ್ಕೆ ಇಳಿಯುವಾಗ: ಪ್ರೆಸ್ಸಿಗೆ ಫೈಲ್ ಕೊಡುವವರಿಗೆ

"ಮೇಡಂ, ಮೊಬೈಲಲ್ಲಿ ಹೀಗಿರಲಿಲ್ಲ." ಈ ಮಾತು ಕೇಳದ ವಾರವೇ ಇಲ್ಲ. ಚಾಮರಾಜಪೇಟೆಯ ಒಂದು ಆಫ್‌ಸೆಟ್ ಪ್ರೆಸ್ಸಿನಲ್ಲಿ ನನ್ನದು ಪ್ರೀ-ಪ್ರೆಸ್ ಕೆಲಸ. ಅಂದರೆ ನೀವು ಕೊಟ್ಟ ಫೈಲಿಗೂ ಮಷೀನಿಗೆ ಏರುವ ಪ್ಲೇಟಿಗೂ ನಡುವೆ ಕೂತಿರುವವಳು ನಾನು. ಲಗ್ನಪತ್ರಿಕೆ, ಕ್ಯಾಲೆಂಡರ್, ಸೀರೆ ಅಂಗಡಿಯ ಕ್ಯಾಟಲಾಗ್, ಕನ್ನಡ ಪುಸ್ತಕದ ಮುಖಪುಟ, ಎಲ್ಲವೂ ನನ್ನ ಟೇಬಲ್ ದಾಟಿಯೇ ಹೋಗಬೇಕು.

ಹಾಗೆ ಹೇಳುವ ಗಿರಾಕಿ ಸುಳ್ಳು ಹೇಳುತ್ತಿಲ್ಲ. ಮೊಬೈಲಲ್ಲಿ ನಿಜಕ್ಕೂ ಹಾಗಿರಲಿಲ್ಲ. ಮಷೀನ್‌ಮನ್ ಕೂಡ ತನ್ನ ಕೆಲಸ ಸರಿಯಾಗಿಯೇ ಮಾಡಿರುತ್ತಾನೆ. ಫೈಲು ಕೈಯಿಂದ ಕೈಗೆ ದಾಟುವಾಗ ಬಣ್ಣದ ಲೆಕ್ಕ ಎಲ್ಲೋ ತಪ್ಪಿರುತ್ತದೆ. ಅದು ಎಲ್ಲಿ ತಪ್ಪುತ್ತದೆ, ತಪ್ಪದಂತೆ ನಿಮ್ಮ ಕಡೆಯಿಂದ ಏನು ಮಾಡಬಹುದು ಅನ್ನುವುದನ್ನು ಇಲ್ಲಿ ಹೇಳುತ್ತೇನೆ. ಫೋಟೋಗ್ರಾಫರ್, ಡಿಸೈನರ್, ಮಗಳ ಮದುವೆ ಕಾರ್ಡು ತಾವೇ ಮಾಡುತ್ತಿರುವ ಅಪ್ಪ, ಯಾರಿಗಾದರೂ ಅನ್ವಯಿಸುತ್ತದೆ.

ಬೆಳಕು ಬೇರೆ, ಇಂಕ್ ಬೇರೆ

ಸ್ಕ್ರೀನ್ ತಾನೇ ಬೆಳಕು ಕೊಡುತ್ತದೆ. ಕೆಂಪು, ಹಸಿರು, ನೀಲಿ ಮೂರನ್ನೂ ಪೂರ್ತಿ ಹೊತ್ತಿಸಿದರೆ ಬಿಳಿ. ಇದೇ ಆರ್‌ಜಿಬಿ. ಕಾಗದಕ್ಕೆ ಸ್ವಂತ ಬೆಳಕಿಲ್ಲ. ಕೋಣೆಯ ಬೆಳಕು ಅದರ ಮೇಲೆ ಬಿದ್ದು ವಾಪಸ್ ಬರುವಾಗ ಇಂಕ್ ಒಂದಷ್ಟನ್ನು ತಿಂದುಬಿಡುತ್ತದೆ. ಸಯಾನ್ (ಹಸಿರು ಬೆರೆತ ತಿಳಿ ನೀಲಿ) ಇಂಕ್ ಕೆಂಪು ಬೆಳಕನ್ನು ತಿನ್ನುತ್ತದೆ, ಮಜೆಂಟಾ (ಕಡು ಗುಲಾಬಿ) ಹಸಿರನ್ನು, ಹಳದಿ ನೀಲಿಯನ್ನು. ಮೂರನ್ನೂ ಒಂದರ ಮೇಲೊಂದು ಹಾಕಿದರೆ ಲೆಕ್ಕದ ಪ್ರಕಾರ ಕಪ್ಪು ಬರಬೇಕು. ಆದರೆ ಯಾವ ಇಂಕೂ ಅಷ್ಟು ಶುದ್ಧ ಇರುವುದಿಲ್ಲ, ಕೊಳಕು ಕಂದು ಬರುತ್ತದೆ. ಅದಕ್ಕೇ ನಾಲ್ಕನೆಯದಾಗಿ ಕಪ್ಪು ಸೇರಿಸಿ ಸಿಎಂವೈಕೆ ಆಯಿತು.

ಒಂದು ಸಾಧನ ತೋರಿಸಬಲ್ಲ ಬಣ್ಣಗಳ ಒಟ್ಟು ಹರವಿಗೆ ಗ್ಯಾಮಟ್ ಅನ್ನುತ್ತಾರೆ. ಸ್ಕ್ರೀನಿನ ಗ್ಯಾಮಟ್ ಬೇರೆ, ಇಂಕಿನ ಗ್ಯಾಮಟ್ ಬೇರೆ. ಸ್ಕ್ರೀನಿನಲ್ಲಿ ಕಾಣುವ ಎಷ್ಟೋ ಬಣ್ಣಗಳನ್ನು ನಾಲ್ಕು ಇಂಕ್ ಸೇರಿಸಿ ಹುಟ್ಟಿಸಲು ಆಗುವುದೇ ಇಲ್ಲ. ಯಾವುವು ಸಾಯುತ್ತವೆ, ಯಾವುವು ಬದುಕುತ್ತವೆ ಅಂತ ಮೊದಲೇ ಗೊತ್ತಿದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಬೇಸಿಗೆ ಶುರುವಾಗುವಾಗ ಬೆಂಗಳೂರಿನಲ್ಲಿ ಜಕರಂಡಾ ಅರಳುತ್ತದೆ. ಆ ನೀಲಿ-ನೇರಳೆ ಮೊಬೈಲಲ್ಲಿ ಹೊಳೆಯುತ್ತದೆ, ಪ್ರಿಂಟಿನಲ್ಲಿ ಬೂದು ಬೆರೆತು ಮಂಕಾಗುತ್ತದೆ. ಸ್ಕ್ರೀನಿನ ಅಚ್ಚ ನೀಲಿ, ಅಂದರೆ ಆರ್ 0, ಜಿ 0, ಬಿ 255, ತಗೊಂಡು ಫೋಟೋಶಾಪಿನ ಡೀಫಾಲ್ಟ್ ಸೆಟ್ಟಿಂಗಿನಲ್ಲಿ ಸಿಎಂವೈಕೆ ಮಾಡಿ ನೋಡಿ. ಸಯಾನ್ 88 ಪರ್ಸೆಂಟ್, ಮಜೆಂಟಾ 77 ಪರ್ಸೆಂಟ್ ಬರುತ್ತದೆ. ಪ್ರಿಂಟ್ ಮಾಡಿದರೆ ಅದು ನೀಲಿಯಾಗಿ ಕಾಣುವುದಿಲ್ಲ, ನೇರಳೆಗೆ ವಾಲುತ್ತದೆ. ನೀಲಿ ನೀಲಿಯಾಗಿಯೇ ಉಳಿಯಬೇಕಾದರೆ ಸಯಾನಿಗೂ ಮಜೆಂಟಾಗೂ ನಡುವೆ ಕನಿಷ್ಠ 30 ಪರ್ಸೆಂಟ್ ಅಂತರ ಇಡಬೇಕು. ಸ್ಕ್ರೀನಿನ ಅಚ್ಚ ಹಸಿರಿನದೂ ಇದೇ ಕಥೆ. ಸಯಾನ್ 63, ಹಳದಿ 100 ಆಗಿ, ಎಲೆ ಹಸಿರಾಗಿ ಸುಮ್ಮನಾಗುತ್ತದೆ. ಗಿಳಿ ಹಸಿರು, ರಾಣಿ ಪಿಂಕ್, ನಿಯಾನ್ ಕಿತ್ತಳೆಗಳ ಆಸೆ ಬಿಡಿ.

ಇನ್ನು ಬದುಕುವ ಬಣ್ಣಗಳು. ಅರಿಶಿನ ಕುಂಕುಮದ ನಮ್ಮ ಬಾವುಟ ಆಫ್‌ಸೆಟ್ಟಿಗೆ ಹೇಳಿ ಮಾಡಿಸಿದ್ದು. ಹಳದಿ ಇಂಕ್ 100 ಹಾಕಿದರೆ ಮೇಲಿನ ಪಟ್ಟಿ, ಅದಕ್ಕೆ ಮಜೆಂಟಾ 100 ಸೇರಿಸಿದರೆ ಕೆಳಗಿನ ಪಟ್ಟಿ. ಆದರೆ ಇಲ್ಲೂ ಒಂದು ಸೂಕ್ಷ್ಮ ಇದೆ. ಸ್ಕ್ರೀನಿನ ಹಳದಿಯನ್ನು ಹಾಗೇ ಕನ್ವರ್ಟ್ ಮಾಡಿದರೆ ಸಯಾನ್ 6, ಹಳದಿ 97 ಬರುತ್ತದೆ. ಆ ಆರು ಪರ್ಸೆಂಟ್ ಸಯಾನ್ ಸಾಕು, ಬಾವುಟಕ್ಕೆ ಹಸಿರು ಛಾಯೆ ಬಂದುಬಿಡುತ್ತದೆ. ರಾಜ್ಯೋತ್ಸವದ ಪೋಸ್ಟರ್ ಬಂದಾಗಲೆಲ್ಲ ನಾನು ಮೊದಲು ನೋಡುವುದು ಇದನ್ನೇ. ಸಯಾನನ್ನು ಕೈಯಾರೆ ಸೊನ್ನೆ ಮಾಡುತ್ತೇನೆ. ನಮ್ಮ ಮೆಟ್ರೋ ಮ್ಯಾಪಿನಲ್ಲೂ ಹಾಗೆಯೇ. 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗ ಒಂದೇ ಇಂಕಿನಲ್ಲಿ ಆರಾಮಾಗಿ ಬರುತ್ತದೆ, ತಲೆನೋವು ಕೊಡುವುದು ನೇರಳೆ ಮಾರ್ಗ.

ಸಂಖ್ಯೆಗೆ ಬಡಾವಣೆ ಬೇಕು

ಈಗ ಮುಖ್ಯ ವಿಷಯ. ಇದೊಂದು ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ.

ನಿಮ್ಮ ಫೋಟೋದಲ್ಲಿ ಒಂದು ಚುಕ್ಕೆ ಇದೆ ಅನ್ನಿ. ಆರ್ 0, ಜಿ 140, ಬಿ 130. ಇದು ಯಾವ ಬಣ್ಣ? ಉತ್ತರ ಹೇಳಲು ಆಗುವುದಿಲ್ಲ. "8ನೇ ಕ್ರಾಸ್, 5ನೇ ಮೇನ್" ಅಂತ ಆಟೋದವರಿಗೆ ಹೇಳಿದರೆ ಅವರು ಏನು ಕೇಳುತ್ತಾರೆ? "ಯಾವ ಏರಿಯಾ?" ಮಲ್ಲೇಶ್ವರದಲ್ಲೂ 8ನೇ ಕ್ರಾಸ್ ಇದೆ, ಜಯನಗರದಲ್ಲೂ ಇದೆ, ರಾಜಾಜಿನಗರದಲ್ಲೂ ಇದೆ. ಆರ್‌ಜಿಬಿ ಸಂಖ್ಯೆಗಳು ಬರೀ ಕ್ರಾಸು, ಮೇನು. ಕಲರ್ ಸ್ಪೇಸ್ ಅನ್ನುವುದು ಏರಿಯಾ. ಆ ಏರಿಯಾದ ಹೆಸರನ್ನು ಫೈಲಿನೊಳಗೆ ಹೊತ್ತುಕೊಂಡಿರುವುದೇ ಐಸಿಸಿ ಪ್ರೊಫೈಲ್. 1993ರಲ್ಲಿ ಅಡೋಬ್, ಆಪಲ್, ಕೊಡಾಕ್, ಮೈಕ್ರೋಸಾಫ್ಟ್ ಮುಂತಾದ ಎಂಟು ಕಂಪನಿಗಳು ಸೇರಿ ಐಸಿಸಿ, ಅಂದರೆ ಇಂಟರ್‌ನ್ಯಾಷನಲ್ ಕಲರ್ ಕನ್ಸೋರ್ಷಿಯಂ, ಕಟ್ಟಿದ್ದು ಈ ಗೊಂದಲಕ್ಕೆ ಒಂದು ದಾರಿ ಹುಡುಕಲಿಕ್ಕೇ.

ಎಲ್ಲ ಏರಿಯಾಗಳನ್ನೂ ಅಳೆಯಲು ಒಂದು ದೊಡ್ಡ ನಕ್ಷೆ ಬೇಕಲ್ವಾ? ಅದು 1931ರಲ್ಲಿ ಸಿಐಇ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆ ಕೊಟ್ಟದ್ದು. ಮನುಷ್ಯನ ಕಣ್ಣು ಏನೇನು ನೋಡಬಲ್ಲದು ಅಂತ ಪ್ರಯೋಗ ಮಾಡಿ ಬರೆದ ನಕ್ಷೆ. 1976ರಲ್ಲಿ ಅದರಿಂದಲೇ ಲ್ಯಾಬ್ ಅನ್ನುವ ಪದ್ಧತಿ ಬಂತು. ಒಂದು ಪ್ರೊಫೈಲಿನಿಂದ ಇನ್ನೊಂದಕ್ಕೆ ಹೋಗುವಾಗ ಸಾಫ್ಟ್‌ವೇರ್ ಈ ನಕ್ಷೆಯ ಮೂಲಕವೇ ದಾಟುತ್ತದೆ. ನೀವು ಇದನ್ನು ಮುಟ್ಟುವ ಅಗತ್ಯ ಬರುವುದಿಲ್ಲ, ಇದೆ ಅಂತ ಗೊತ್ತಿದ್ದರೆ ಸಾಕು.

ನಿಮಗೆ ಎದುರಾಗುವ ಆರ್‌ಜಿಬಿ ಏರಿಯಾಗಳು ಮುಖ್ಯವಾಗಿ ನಾಲ್ಕು. ಎಸ್‌ಆರ್‌ಜಿಬಿ ಎಲ್ಲಕ್ಕಿಂತ ಸಣ್ಣದು, ಎಲ್ಲಕ್ಕಿಂತ ಸುರಕ್ಷಿತ. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಮಾಡಿದ್ದು, 1999ರಲ್ಲಿ ಅಧಿಕೃತ ಮಾನದಂಡವಾಯಿತು. ಇಂಟರ್ನೆಟ್ಟು, ವಾಟ್ಸಾಪು, ಸಾಮಾನ್ಯ ಫೋಟೋ ಲ್ಯಾಬು, ಎಲ್ಲಾ ಇದರ ಮೇಲೆ ನಿಂತಿವೆ. ಅಡೋಬ್ ಆರ್‌ಜಿಬಿ 1998ರದ್ದು. ಪ್ರೆಸ್ಸಿನ ಇಂಕ್ ಕೊಡಬಲ್ಲ ಸಯಾನ್, ಹಸಿರುಗಳಲ್ಲಿ ಕೆಲವು ಎಸ್‌ಆರ್‌ಜಿಬಿಯ ಹೊರಗೆ ಬೀಳುತ್ತಿದ್ದವು, ಅವನ್ನೂ ಒಳಗೆ ತರಲು ಮಾಡಿದ್ದು. ಪ್ರಿಂಟ್ ಅಂದರೆ ಬರೀ ಕಳೆದುಕೊಳ್ಳುವುದು ಅಂದುಕೊಂಡಿರುತ್ತಾರೆ. ಸಯಾನಿನ ವಿಷಯದಲ್ಲಿ ಇಂಕೇ ಒಂದು ಕೈ ಮೇಲೆ. ಡಿಸ್‌ಪ್ಲೇ ಪಿ3 ಆಪಲ್‌ನವರದ್ದು. 2015ರ ಐಮ್ಯಾಕ್‌ನಲ್ಲಿ ಬಂತು, 2016ರ ಐಫೋನ್ 7ರಿಂದ ಫೋನಿಗೂ ಬಂತು. ಇವತ್ತು ನೀವು ಐಫೋನಿನಲ್ಲಿ ತೆಗೆದ ಫೋಟೋ ಇದರಲ್ಲೇ ಇರುತ್ತದೆ. ಪ್ರೋಫೋಟೋ ಆರ್‌ಜಿಬಿ ಕೊಡಾಕ್‌ನ ಕೂಸು. ಕಣ್ಣಿಗೇ ಕಾಣದ ಬಣ್ಣಗಳೂ ಅದರ ಗಡಿಯೊಳಗೆ ಬರುತ್ತವೆ. 16 ಬಿಟ್ ಇಲ್ಲದೆ ಅದನ್ನು ಮುಟ್ಟಬೇಡಿ. 8 ಬಿಟ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು ಮಾತ್ರ, ಅಷ್ಟು ದೊಡ್ಡ ಜಾಗಕ್ಕೆ ಅದು ಸಾಲದೆ ಆಕಾಶದಲ್ಲಿ ಪಟ್ಟೆ ಪಟ್ಟೆ ಬರುತ್ತದೆ.

ನನ್ನ ಸಲಹೆ ಕೇಳಿದರೆ: ಕ್ಯಾಮೆರಾದಲ್ಲಿ ರಾ (ಸೆನ್ಸರಿನ ಹಸಿ ಮಾಹಿತಿ ಇರುವ ಫೈಲ್) ತೆಗೆಯುತ್ತಿದ್ದರೆ ಕ್ಯಾಮೆರಾದ ಕಲರ್ ಸ್ಪೇಸ್ ಸೆಟ್ಟಿಂಗ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ರಾ ಫೈಲಿಗೆ ಅದು ತಾಗುವುದಿಲ್ಲ, ಆಮೇಲೆ ಕಂಪ್ಯೂಟರಿನಲ್ಲಿ ತೀರ್ಮಾನ ಮಾಡಬಹುದು. ಜೆಪಿಇಜಿ ತೆಗೆದು ನೇರ ಕಳಿಸುವವರು ಎಸ್‌ಆರ್‌ಜಿಬಿ ಇಟ್ಟುಕೊಳ್ಳಿ. ಆಫ್‌ಸೆಟ್ ಕ್ಯಾಟಲಾಗಿಗೆ ರೇಷ್ಮೆ ಸೀರೆ ಶೂಟ್ ಮಾಡುವವರು ಮಾತ್ರ ಅಡೋಬ್ ಆರ್‌ಜಿಬಿ ಯೋಚಿಸಿ, ಅದೂ ಪ್ರೊಫೈಲನ್ನು ಕೊನೆತನಕ ಕಾಪಾಡುವ ಶಿಸ್ತು ಇದ್ದರೆ.

ಅಸೈನ್, ಕನ್ವರ್ಟ್

ಫೋಟೋಶಾಪಿನ ಎಡಿಟ್ ಮೆನುವಿನಲ್ಲಿ ಕೆಳಗೆ ಎರಡು ಆಯ್ಕೆ ಅಕ್ಕಪಕ್ಕ ಕೂತಿವೆ. ಅಸೈನ್ ಪ್ರೊಫೈಲ್, ಕನ್ವರ್ಟ್ ಟು ಪ್ರೊಫೈಲ್. ನನ್ನ ಟೇಬಲಿಗೆ ಬರುವ ಹಾಳಾದ ಫೈಲುಗಳಲ್ಲಿ ಬಹುಪಾಲು ಈ ಎರಡನ್ನು ಒಂದೇ ಅಂದುಕೊಂಡದ್ದರ ಫಲ.

ಅಸೈನ್ ಮಾಡಿದರೆ ಸಂಖ್ಯೆ ಹಾಗೇ ಇರುತ್ತದೆ, ಏರಿಯಾ ಹೆಸರು ಮಾತ್ರ ಬದಲಾಗುತ್ತದೆ. ಮಲ್ಲೇಶ್ವರ 8ನೇ ಕ್ರಾಸಿಗೆ ಹೋಗಬೇಕಾದ ಪತ್ರ ಜಯನಗರ 8ನೇ ಕ್ರಾಸಿಗೆ ಹೋಗುತ್ತದೆ. ಬಣ್ಣ ಬದಲಾಗುತ್ತದೆ. ಕನ್ವರ್ಟ್ ಮಾಡಿದರೆ ಮನೆ ಅದೇ, ವಿಳಾಸ ಬರೆಯುವ ರೀತಿ ಬದಲು. ಸಂಖ್ಯೆ ಬದಲಾಗುತ್ತದೆ, ಬಣ್ಣ ಆದಷ್ಟು ಹಾಗೇ ಉಳಿಯುತ್ತದೆ.

ಹಾಗಾಗಿ ಅಸೈನ್ ಬೇಕಾಗುವುದು ಒಂದೇ ಸಂದರ್ಭದಲ್ಲಿ: ಫೈಲಿನಲ್ಲಿ ಪ್ರೊಫೈಲೇ ಇಲ್ಲದಾಗ. ಅಡೋಬ್ ಆರ್‌ಜಿಬಿ ಫೋಟೋದ ಪ್ರೊಫೈಲ್ ದಾರಿಯಲ್ಲಿ ಉದುರಿಹೋದರೆ ತೆರೆಯುವ ಸಾಫ್ಟ್‌ವೇರ್ ಅದನ್ನು ಎಸ್‌ಆರ್‌ಜಿಬಿ ಅಂದುಕೊಳ್ಳುತ್ತದೆ. ಮುಖ ಪೇಲವ, ಸೀರೆ ಸಪ್ಪೆ. ಆಗ ಜನ ಏನು ಮಾಡುತ್ತಾರೆ? ಸ್ಯಾಚುರೇಶನ್ ಏರಿಸುತ್ತಾರೆ. ಬೇಡ. ಮೊದಲು ಅಡೋಬ್ ಆರ್‌ಜಿಬಿ ಅಸೈನ್ ಮಾಡಿ ನೋಡಿ. ಒಂದೇ ಕ್ಲಿಕ್ಕಿಗೆ ಮುಖಕ್ಕೆ ಜೀವ ಬಂದರೆ ಕಾಯಿಲೆ ಸಿಕ್ಕಿತು ಅಂತ ಅರ್ಥ. ಆಮೇಲೆ ಬೇಕಾದ ಕಡೆಗೆ ಕನ್ವರ್ಟ್ ಮಾಡಿ.

ಈ ತೊಂದರೆ ಬಾರದಿರಲು ಕಂಟ್ರೋಲ್, ಶಿಫ್ಟ್, ಕೆ ಒತ್ತಿ ಕಲರ್ ಸೆಟ್ಟಿಂಗ್ಸ್ ತೆರೆಯಿರಿ. ಮೂರು ಪಾಲಿಸಿಗಳನ್ನೂ ಪ್ರಿಸರ್ವ್ ಎಂಬೆಡೆಡ್ ಪ್ರೊಫೈಲ್ಸ್ ಅಂತ ಇಡಿ. ಪ್ರೊಫೈಲ್ ಹೊಂದದಿದ್ದರೆ ಕೇಳು, ಇಲ್ಲದಿದ್ದರೆ ಕೇಳು ಅನ್ನುವ ಚೌಕಗಳಿಗೆ ಟಿಕ್ ಹಾಕಿ. ಸೇವ್ ಮಾಡುವಾಗ ಎಂಬೆಡ್ ಕಲರ್ ಪ್ರೊಫೈಲ್ ಟಿಕ್ ಇರಲೇಬೇಕು. ಅದಕ್ಕೆ ಹಿಡಿಯುವ ಜಾಗ ಅತ್ಯಲ್ಪ, ಫೈಲ್ ಸೈಜ್ ನೆಪ ಹೇಳಬೇಡಿ. ಗಿಂಪ್ ಬಳಸುವವರಿಗೆ ಇಮೇಜ್ ಮೆನುವಿನ ಕಲರ್ ಮ್ಯಾನೇಜ್‌ಮೆಂಟ್ ಒಳಗೆ ಇದೇ ಎರಡು ಆಯ್ಕೆಗಳಿವೆ. ಕೋರೆಲ್‌ಡ್ರಾದವರಿಗೆ ಟೂಲ್ಸ್ ಮೆನುವಿನಲ್ಲಿದೆ.

ಸಿಎಂವೈಕೆ ಅನ್ನುವುದು ಒಂದಲ್ಲ

"ಸಿಎಂವೈಕೆ ಮಾಡಿಯೇ ಕೊಟ್ಟಿದ್ದೀನಿ ಮೇಡಂ" ಅನ್ನುತ್ತಾರೆ. ಯಾವ ಸಿಎಂವೈಕೆ? ಸುಮ್ನೆ ಮೋಡ್ ಮೆನುವಿನಿಂದ ಬದಲಾಯಿಸಿದರೆ ಅದು ಕಲರ್ ಸೆಟ್ಟಿಂಗ್ಸಿನಲ್ಲಿ ಇರುವ ಪ್ರೊಫೈಲಿಗೆ ಹೋಗುತ್ತದೆ. ಯಾರೂ ಮುಟ್ಟದ ಫೋಟೋಶಾಪಿನಲ್ಲಿ ಅದು ಸಾಮಾನ್ಯವಾಗಿ ಯು.ಎಸ್. ವೆಬ್ ಕೋಟೆಡ್ ಸ್ವಾಪ್. ಅಮೆರಿಕದ ರೋಲ್ ಮಷೀನಿನ ಮ್ಯಾಗಝೀನ್ ಪ್ರಿಂಟಿಂಗಿಗೆ ಮಾಡಿದ್ದು. ನಿಮ್ಮ ಗೃಹಪ್ರವೇಶದ ಕಾರ್ಡಿಗೂ ಅದಕ್ಕೂ ಏನು ಸಂಬಂಧ?

ಬಣ್ಣ ತೀರ್ಮಾನ ಮಾಡುವುದು ಕಾಗದ. ಆರ್ಟ್ ಪೇಪರಿನ (ಲೇಪನ ಇರುವ ನುಣುಪು ಕಾಗದ) ಮೇಲೆ ಇಂಕ್ ನಿಲ್ಲುತ್ತದೆ, ಹೊಳೆಯುತ್ತದೆ. ಮ್ಯಾಪ್‌ಲಿಥೋ, ಅಂದರೆ ಲೇಪನ ಇಲ್ಲದ ಕಾಗದ, ಇಂಕ್ ಕುಡಿಯುತ್ತದೆ, ಪ್ರಿಂಟಿನ ಸಣ್ಣ ಸಣ್ಣ ಚುಕ್ಕೆಗಳು ಹರಡಿ ಚಿತ್ರ ಕಪ್ಪಾಗುತ್ತದೆ. ಇದಕ್ಕೆ ಡಾಟ್ ಗೇನ್ ಅನ್ನುತ್ತೇವೆ. ನ್ಯೂಸ್‌ಪ್ರಿಂಟ್ ಇನ್ನೂ ಹಠಮಾರಿ. ಅದಕ್ಕೇ ಕಾಗದಕ್ಕೊಂದು ಪ್ರೊಫೈಲ್. ಜರ್ಮನಿಯ ಫೋಗ್ರಾ ಸಂಸ್ಥೆಯ ಅಳತೆಗಳು ಇಲ್ಲೂ ಚಾಲ್ತಿಯಲ್ಲಿವೆ. ಆರ್ಟ್ ಪೇಪರಿಗೆ ಫೋಗ್ರಾ 39, ಅಥವಾ 2015ರಲ್ಲಿ ಬಂದ ಫೋಗ್ರಾ 51. ಮ್ಯಾಪ್‌ಲಿಥೋ ಥರದ್ದಕ್ಕೆ ಫೋಗ್ರಾ 47 ಅಥವಾ 52.

ಜೊತೆಗೆ ಇಂಕ್ ಮಿತಿ. ನಾಲ್ಕೂ ಇಂಕ್ 100 ಹಾಕಿದರೆ 400 ಪರ್ಸೆಂಟ್. ಅಷ್ಟು ಇಂಕ್ ಯಾವ ಕಾಗದದ ಮೇಲೂ ಒಣಗುವುದಿಲ್ಲ. ಆರ್ಟ್ ಪೇಪರಿಗೆ 300ರ ಆಸುಪಾಸು, ಮ್ಯಾಪ್‌ಲಿಥೋಗೆ ಅದಕ್ಕಿಂತ ಕಮ್ಮಿ, ನ್ಯೂಸ್‌ಪ್ರಿಂಟಿಗೆ 240. ಜುಲೈ ಮಳೆಯಲ್ಲಿ ತೇವ ಜಾಸ್ತಿಯಾಗಿ ಇಂಕ್ ಒಣಗುವುದು ಇನ್ನೂ ನಿಧಾನ. ಒಂದರ ಮೇಲೊಂದು ಬಿದ್ದ ಹಾಳೆಗಳಲ್ಲಿ ಮೇಲಿನದರ ಬೆನ್ನಿಗೆ ಕೆಳಗಿನದರ ಇಂಕ್ ಅಂಟಿರುತ್ತದೆ. ಸರಿಯಾದ ಪ್ರೊಫೈಲಿಗೆ ಕನ್ವರ್ಟ್ ಮಾಡಿದರೆ ಈ ಮಿತಿಯನ್ನು ಅದೇ ನೋಡಿಕೊಳ್ಳುತ್ತದೆ.

ಆದ್ದರಿಂದ ಪ್ರೆಸ್ಸಿಗೆ ಮೊದಲು ಫೋನ್ ಮಾಡಿ. ಕಾಗದ ಯಾವುದು, ಎಷ್ಟು ಜಿಎಸ್‌ಎಂ (ಚದರ ಮೀಟರಿಗೆ ಎಷ್ಟು ಗ್ರಾಂ ತೂಕ), ಪ್ರೊಫೈಲ್ ಯಾವುದು ಬೇಕು, ಲ್ಯಾಮಿನೇಶನ್ ಮ್ಯಾಟೋ ಹೊಳೆಯುವ ಗ್ಲಾಸಿಯೋ, ಇವಿಷ್ಟು ಕೇಳಿ. ಮ್ಯಾಟ್ ಹಾಕಿದರೆ ಬಣ್ಣ ಒಂದು ಮೆಟ್ಟಿಲು ಇಳಿಯುತ್ತದೆ ಅನ್ನುವುದು ನೆನಪಿರಲಿ. ಪ್ರೊಫೈಲ್ ಅಂದರೇನು ಅಂತ ಅವರೇ ತಿರುಗಿ ಕೇಳಿದರೆ ಗಾಬರಿ ಬೇಡ. ಆರ್‌ಜಿಬಿಯಲ್ಲೇ, ಪ್ರೊಫೈಲ್ ಸಮೇತ ಇಟ್ಟುಕೊಂಡು ಆರ್ಟ್ ಪೇಪರ್ ಆದರೆ ಫೋಗ್ರಾ 39ಕ್ಕೆ ಕೊನೆಯಲ್ಲಿ ಒಂದೇ ಒಂದು ಸಲ ಕನ್ವರ್ಟ್ ಮಾಡಿ. ಎಷ್ಟು ಸಲ ಹಿಂದೆ ಮುಂದೆ ಮಾಡುತ್ತೀರೋ ಅಷ್ಟು ಬಣ್ಣ ಸೋರಿಹೋಗುತ್ತದೆ. ಸಿಎಂವೈಕೆಯಿಂದ ವಾಪಸ್ ಆರ್‌ಜಿಬಿಗೆ ತಂದರೆ ಹೋದದ್ದು ಮರಳಿ ಬರುವುದಿಲ್ಲ. ಮೂಲ ಫೈಲನ್ನು ಬೇರೆ ಕಡೆ ಭದ್ರವಾಗಿಡಿ.

ನವಿಲು ಬಣ್ಣದ ಸೀರೆ ಒಂದನ್ನು ದಾಟಿಸೋಣ

ಮಾತಿಗಿಂತ ಒಂದು ಕೆಲಸ ಮಾಡಿಯೇ ತೋರಿಸುತ್ತೇನೆ. ನವಿಲು ಬಣ್ಣದ ರೇಷ್ಮೆ ಸೀರೆ, ರಾಣಿ ಪಿಂಕ್ ಅಂಚು, ಜರಿ. ಕ್ಯಾಟಲಾಗಿಗೆ ಬಂದ ಫೋಟೋ, ಅಡೋಬ್ ಆರ್‌ಜಿಬಿಯಲ್ಲಿದೆ.

ಕನ್ವರ್ಟ್ ಮಾಡುವ ಮೊದಲು ಸಾಫ್ಟ್ ಪ್ರೂಫ್, ಅಂದರೆ ಪ್ರಿಂಟ್ ಹೇಗೆ ಬರುತ್ತದೆ ಅಂತ ಸ್ಕ್ರೀನಿನಲ್ಲೇ ತೋರಿಸುವ ಅಂದಾಜು, ನೋಡಬೇಕು. ವ್ಯೂ ಮೆನು, ಪ್ರೂಫ್ ಸೆಟಪ್, ಕಸ್ಟಮ್. ಅಲ್ಲಿ ಪ್ರೆಸ್ಸಿನವರು ಹೇಳಿದ ಪ್ರೊಫೈಲ್ ಆರಿಸಿ. ಸಿಮ್ಯುಲೇಟ್ ಪೇಪರ್ ಕಲರ್ ಟಿಕ್ ಹಾಕಿದಾಗ ಚಿತ್ರ ಪೂರ್ತಿ ಸಪ್ಪೆಯಾಗಿ ಕಾಣುತ್ತದೆ. ಅದು ಕಾಗದದ ನಿಜವಾದ ಬಿಳಿ. ಒಂದು ಕ್ಷಣ ಕಣ್ಣು ಆಚೆ ತಿರುಗಿಸಿ ಮತ್ತೆ ನೋಡಿ, ಹೊಂದಿಕೊಳ್ಳುತ್ತದೆ. ಕಂಟ್ರೋಲ್ ವೈ ಒತ್ತಿದರೆ ಪ್ರೂಫ್ ಹೋಗುತ್ತದೆ, ಬರುತ್ತದೆ. ಕಂಟ್ರೋಲ್ ಶಿಫ್ಟ್ ವೈ ಒತ್ತಿದರೆ ಇಂಕಿಗೆ ದಕ್ಕದ ಜಾಗಗಳೆಲ್ಲ ಬೂದು ಬಣ್ಣಕ್ಕೆ ತಿರುಗುತ್ತವೆ. ನಮ್ಮ ಸೀರೆಯ ಒಡಲಿನಲ್ಲಿ ಅರ್ಧ, ಅಂಚಿನಲ್ಲಿ ಪೂರ್ತಿ ಬೂದು.

ಈಗ ಗಮನಿಸಬೇಕಾದದ್ದು ನೆರಿಗೆ. ಪ್ರೂಫ್ ಇಲ್ಲದಾಗ ಸೊಂಟದ ಹತ್ತಿರ ನೆರಿಗೆಯ ಒಂದೊಂದು ಮಡಿಕೆ ಬೇರೆ ಬೇರೆ ಕಾಣುತ್ತಿತ್ತು. ಪ್ರೂಫ್ ಹಾಕಿದ ಮೇಲೆ ಎಲ್ಲಾ ಅಂಟಿಕೊಂಡು ಒಂದೇ ಚಪ್ಪಟೆ ಪಟ್ಟಿ. ಯಾಕೆ? ಗ್ಯಾಮಟ್ಟಿನ ಹೊರಗಿದ್ದ ಬೇರೆ ಬೇರೆ ಬಣ್ಣಗಳೆಲ್ಲ ಅದರ ಗಡಿಯ ಒಂದೇ ಬಣ್ಣಕ್ಕೆ ಬಂದು ಬಿದ್ದಿವೆ. ಹೊರಗಿನ ಬಣ್ಣಗಳನ್ನು ಹೇಗೆ ಒಳಗೆ ತರಬೇಕು ಅಂತ ಆರಿಸುವ ರೆಂಡರಿಂಗ್ ಇಂಟೆಂಟ್ ಇಲ್ಲಿ ಕೆಲಸಕ್ಕೆ ಬರುತ್ತದೆ. ರಿಲೇಟಿವ್ ಕಲರಿಮೆಟ್ರಿಕ್ ಒಳಗಿದ್ದ ಬಣ್ಣಗಳನ್ನು ಮುಟ್ಟುವುದಿಲ್ಲ, ಹೊರಗಿದ್ದದ್ದನ್ನು ಮಾತ್ರ ಗಡಿಗೆ ತರುತ್ತದೆ. ಪರ್ಸೆಪ್ಚುಯಲ್ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕುಗ್ಗಿಸಿ ನಡುವಿನ ಅಂತರ ಉಳಿಸುತ್ತದೆ. ಮುಖ, ಲೋಗೋ, ಸಾಮಾನ್ಯ ಫೋಟೋಗಳಿಗೆ ನಾನು ರಿಲೇಟಿವ್ ಹಾಕಿ ಬ್ಲ್ಯಾಕ್ ಪಾಯಿಂಟ್ ಕಾಂಪೆನ್ಸೇಶನ್ ಟಿಕ್ ಮಾಡುತ್ತೇನೆ. ಸೀರೆಗೆ ಪರ್ಸೆಪ್ಚುಯಲ್.

ಆದರೂ ಅಂಚು ಚಪ್ಪಟೆಯಾಗಿದ್ದರೆ, ಪ್ರೂಫ್ ಹಾಕಿಕೊಂಡೇ, ಹ್ಯೂ-ಸ್ಯಾಚುರೇಶನ್ ಲೇಯರ್ ತೆರೆದು ಮಜೆಂಟಾ ಒಂದನ್ನೇ ಆರಿಸಿ ಸ್ಯಾಚುರೇಶನ್ ನಿಧಾನಕ್ಕೆ ಇಳಿಸುತ್ತಾ ಹೋಗಿ. ಮಡಿಕೆ ಮತ್ತೆ ಕಾಣುವ ಹೊತ್ತಿಗೆ ನಿಲ್ಲಿಸಿ. ಹೊಳಪು ಹೋದರೆ ಹೋಗಲಿ, ನೆರಿಗೆ ಉಳಿಯಬೇಕು. ನೆರಿಗೆ ಇದ್ದರೆ ರೇಷ್ಮೆ ಅನಿಸುತ್ತದೆ, ಇಲ್ಲದಿದ್ದರೆ ಪ್ಲಾಸ್ಟಿಕ್.

ಕನ್ವರ್ಟ್ ಆದ ಮೇಲೆ ಚಾನೆಲ್‌ಗಳನ್ನು ಒಂದೊಂದಾಗಿ ತೆರೆದು ನೋಡಿ. ನವಿಲು ಬಣ್ಣಕ್ಕೆ ಸಯಾನ್ ತುಂಬಾ, ಹಳದಿ ಸ್ವಲ್ಪ. ಮಜೆಂಟಾ ಇಲ್ಲಿ ಮೂರನೆಯವನು. ಮೂರನೆಯ ಇಂಕ್ ಜಾಸ್ತಿಯಾದಷ್ಟೂ ಬಣ್ಣ ಕೊಳೆಯಾಗುತ್ತದೆ, ಆದರೆ ನೆರಳು ಕೊಡುವುದೂ ಅದೇ. ಬೆಳಕು ಬಿದ್ದ ಕಡೆ ಮಜೆಂಟಾ ಕಮ್ಮಿ ಮಾಡಿ, ಮಡಿಕೆಯ ಒಳಗೆ ಹಾಗೇ ಬಿಡಿ. ಕರ್ವ್ಸ್‌ನಲ್ಲಿ ಎರಡು ಚುಕ್ಕೆ ಎಳೆದರೆ ಆಗುವ ಕೆಲಸ, ಸೀರೆ ಎದ್ದು ನಿಲ್ಲುತ್ತದೆ.

ಮುಖದ ಬಣ್ಣವನ್ನೂ ಒಮ್ಮೆ ಸಂಖ್ಯೆಯಲ್ಲಿ ನೋಡಿ. ನಮ್ಮವರ ಮೈಬಣ್ಣದಲ್ಲಿ ಹಳದಿ ಮಜೆಂಟಾಗಿಂತ ಸ್ವಲ್ಪ ಮುಂದಿರಬೇಕು. ಮಜೆಂಟಾ ಮುಂದಾದರೆ ಮದುಮಗಳಿಗೆ ಜ್ವರ ಬಂದ ಹಾಗೆ ಕೆಂಪಾಗುತ್ತದೆ. ಅರಿಶಿನ ಶಾಸ್ತ್ರದ ಫೋಟೋಗಳಿಗೆ ಈ ಲೆಕ್ಕ ಹಿಡಿಯಬೇಡಿ, ಅಲ್ಲಿ ಎಲ್ಲಾ ಹಳದಿಯೇ.

ಜರಿ? ಚಿನ್ನದ ಹೊಳಪು ನಾಲ್ಕು ಇಂಕಿನಲ್ಲಿ ಇಲ್ಲ. ಫೋಟೋದಲ್ಲಿ ಹಳದಿ-ಕಂದು ನೆರಳು ಬೆಳಕಾಗಿ ಬರುತ್ತದೆ ಅಷ್ಟೇ. ಲಗ್ನಪತ್ರಿಕೆಯ ಗಣಪತಿ ನಿಜಕ್ಕೂ ಮಿನುಗಬೇಕಾದರೆ ಗೋಲ್ಡ್ ಫಾಯಿಲ್ ಹಾಕಿಸಿ, ಅಥವಾ ಐದನೆಯ ಇಂಕಾಗಿ ಪ್ಯಾಂಟೋನ್ (ನಂಬರಿನಿಂದ ಗುರುತಿಸುವ, ಮೊದಲೇ ಬೆರೆಸಿದ ಇಂಕ್) ಗೋಲ್ಡ್. ಫಾಯಿಲಿನ ಭಾಗವನ್ನು ಬೇರೆ ಪುಟದಲ್ಲಿ, ಅಚ್ಚ ಕಪ್ಪು 100ರಲ್ಲಿ ಕೊಡಿ. ಹಳದಿ ಗ್ರೇಡಿಯಂಟ್ ಬಳಿದು "ಗೋಲ್ಡ್ ಬರಲಿ" ಅಂತ ಬರೆದು ಕಳಿಸಿದರೆ ನಾವೇನು ಮಾಡೋಣ?

ಕಪ್ಪು ಮತ್ತು ಒತ್ತಕ್ಷರ

ಕನ್ನಡ ಅಕ್ಷರ ಹಾಕುವವರು ಇದನ್ನು ಎರಡು ಸಲ ಓದಿ. ಆರ್‌ಜಿಬಿ ಕಪ್ಪನ್ನು ಹಾಗೇ ಕನ್ವರ್ಟ್ ಮಾಡಿದರೆ ಸ್ವಾಪ್‌ನಲ್ಲಿ ಸಯಾನ್ 75, ಮಜೆಂಟಾ 68, ಹಳದಿ 67, ಕಪ್ಪು 90 ಆಗುತ್ತದೆ. ಅಂದರೆ ನಿಮ್ಮ 9 ಪಾಯಿಂಟ್ ಅಕ್ಷರ ನಾಲ್ಕು ಪ್ಲೇಟಿನಿಂದ ನಾಲ್ಕು ಸಲ ಪ್ರಿಂಟಾಗುತ್ತದೆ. ನಾಲ್ಕೂ ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರಬೇಕು. ಕೂದಲೆಳೆಯಷ್ಟು ಸರಿದರೂ ಅಕ್ಷರದ ಸುತ್ತ ಕೆಂಪು, ನೀಲಿ ಅಂಚು. ಇಂಗ್ಲಿಷ್ ಅಕ್ಷರ ಇದನ್ನು ಹೇಗೋ ತಡೆದುಕೊಳ್ಳುತ್ತದೆ. "ಲಕ್ಷ್ಮೀ", "ಜ್ಯೋತ್ಸ್ನಾ" ಅಂತ ಬರೆದು ನೋಡಿ. ಕೆಳಗೆ ನೇತಾಡುವ ಒತ್ತುಗಳ ಒಳಗಿನ ಸಣ್ಣ ಬಿಳಿ ಜಾಗ ಮುಚ್ಚಿಹೋಗಿ ಅಕ್ಷರ ಗುಡ್ಡೆಯಾಗುತ್ತದೆ. ಮದುಮಗಳ ಹೆಸರೇ ಹಾಗಾದರೆ ಮನೆಯವರು ಬಿಡುತ್ತಾರಾ?

ಓದುವ ಅಕ್ಷರಗಳೆಲ್ಲ ಬರೀ ಕಪ್ಪು 100, ಓವರ್‌ಪ್ರಿಂಟ್, ಅಂದರೆ ಕೆಳಗಿನ ಬಣ್ಣವನ್ನು ಕತ್ತರಿಸದೆ ಅದರ ಮೇಲೆಯೇ. ದೊಡ್ಡ ಕಪ್ಪು ಹಿನ್ನೆಲೆಗೆ ಬರೀ ಕಪ್ಪು 100 ಹಾಕಿದರೆ ತೊಳೆದ ಕೊಡೆ ಬಟ್ಟೆಯ ಬಣ್ಣ ಬರುತ್ತದೆ, ಅಲ್ಲಿ ಸಯಾನ್ 60, ಮಜೆಂಟಾ 40, ಹಳದಿ 40, ಕಪ್ಪು 100 ಹಾಕಿ. ಆ ಹಿನ್ನೆಲೆಯ ಮೇಲೆ ಬಿಳಿ ಕನ್ನಡ ಅಕ್ಷರ ಬೇಕಾದರೆ ದಪ್ಪ ಫಾಂಟ್ ಆರಿಸಿ, 12 ಪಾಯಿಂಟಿಗಿಂತ ಇಳಿಯಬೇಡಿ. ಅಕ್ಷರಗಳನ್ನು ಕರ್ವ್ಸ್ ಮಾಡಿ, ಅಂದರೆ ಫಾಂಟ್ ಬೇಡದ ರೇಖಾಚಿತ್ರವಾಗಿ ಬದಲಿಸಿ, ಕಳಿಸಿ. ನಿಮ್ಮ ನುಡಿ ಫಾಂಟು ನಮ್ಮಲ್ಲಿ ಇರಲಿಕ್ಕಿಲ್ಲ.

ನಿಮ್ಮ ಸ್ಕ್ರೀನು, ನಿಮ್ಮ ಬೆಳಕು

ಮೇಲಿನದೆಲ್ಲ ಮಾಡಿಯೂ ಪ್ರಿಂಟ್ ಕಪ್ಪಾಯಿತು ಅಂದರೆ ಸಾಮಾನ್ಯವಾಗಿ ಸ್ಕ್ರೀನಿನ ಬ್ರೈಟ್‌ನೆಸ್ ಪೂರ್ತಿ ಏರಿಸಿರುತ್ತೀರಿ. ಸ್ಕ್ರೀನಿನಲ್ಲಿ ಖಾಲಿ ಬಿಳಿ ಪುಟ ತೆರೆಯಿರಿ, ಪಕ್ಕದಲ್ಲಿ ಒಂದು ಎ4 ಹಾಳೆ ಹಿಡಿಯಿರಿ. ಸ್ಕ್ರೀನ್ ದೀಪದ ಹಾಗೆ ಉರಿಯುತ್ತಿದ್ದರೆ ಇಳಿಸಿ, ಎರಡೂ ಸಮ ಅನಿಸುವವರೆಗೆ. ನೈಟ್ ಮೋಡ್, ಟ್ರೂ ಟೋನ್ ಆಫ್ ಮಾಡಿ. ಫೋನಿನಲ್ಲಿ ಡಿಸ್‌ಪ್ಲೇ ವಿವಿಡ್ ಇದ್ದರೆ ನ್ಯಾಚುರಲ್‌ಗೆ ತನ್ನಿ.

ಎಸ್.ಪಿ. ರೋಡಿನಲ್ಲಿ ಮಾನಿಟರ್ ಕೊಳ್ಳುವಾಗ ಇಂಚು ಕೇಳುವ ಮುಂಚೆ ಎಸ್‌ಆರ್‌ಜಿಬಿ ಎಷ್ಟು ಪರ್ಸೆಂಟ್ ಅಂತ ಕೇಳಿ. ಡಬ್ಬಿಯ ಮೇಲೆ 45 ಪರ್ಸೆಂಟ್ ಎನ್‌ಟಿಎಸ್‌ಸಿ (ಹಳೆಯ ಟಿವಿ ಬಣ್ಣದ ಅಳತೆ) ಅಂತಿದ್ದರೆ ಎಸ್‌ಆರ್‌ಜಿಬಿಯ ಮುಕ್ಕಾಲು ಭಾಗವೂ ಅದರಲ್ಲಿ ಬರುವುದಿಲ್ಲ. ಐಪಿಎಸ್ ಪ್ಯಾನೆಲ್, ಎಸ್‌ಆರ್‌ಜಿಬಿ 99 ಇದ್ದರೆ ಬಣ್ಣದ ಕೆಲಸಕ್ಕೆ ಸಾಕು. ಕ್ಯಾಲಿಬ್ರೇಶನ್ ಯಂತ್ರ ಸ್ವಂತಕ್ಕೆ ಬೇಕಿಲ್ಲ, ನಾಲ್ಕು ಜನ ಸ್ನೇಹಿತರು ಸೇರಿ ಒಂದು ಕೊಂಡರೆ ಸಾಕು.

ಬೆಳಕಿನ ವಿಷಯ ಚಿಕ್ಕಪೇಟೆಯ ಸೀರೆ ಅಂಗಡಿಗೆ ಹೋಗುವ ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ. ಬ್ಲೌಸ್ ಪೀಸನ್ನೂ ಸೀರೆಯನ್ನೂ ಬಾಗಿಲಿಗೆ ತಂದು ಬಿಸಿಲಿನಲ್ಲಿ ಜೋಡಿಸಿ ನೋಡುತ್ತಾರೆ. ಟ್ಯೂಬ್‌ಲೈಟಿನಲ್ಲಿ ಒಂದೇ ಕಂಡ ಎರಡು ಬಣ್ಣ ಹೊರಗೆ ಬೇರೆ ಬೇರೆ ಆಗಬಹುದು. ಇದಕ್ಕೆ ಮೆಟಾಮೆರಿಸಂ ಅನ್ನುತ್ತಾರೆ. ಪ್ರಿಂಟಿಂಗ್ ಲೋಕದಲ್ಲಿ ಇದಕ್ಕಾಗಿಯೇ 5000 ಕೆಲ್ವಿನ್‌ನ ಡಿ50 ಬೆಳಕನ್ನು ಮಾನದಂಡ ಮಾಡಿದ್ದಾರೆ. ಮನೆಯಲ್ಲಿ ಅಂಥ ದೀಪ ಇಲ್ಲದಿದ್ದರೆ ಹಗಲು ಹೊತ್ತು ಕಿಟಕಿ ಪಕ್ಕ, ನೇರ ಬಿಸಿಲು ಬೀಳದ ಕಡೆ ಪ್ರೂಫ್ ನೋಡಿ. ಹಳದಿ ಗೋಡೆಯ ಎದುರು ಬೇಡ.

ಎಲ್ಲಿಗೆ ಏನು ಕಳಿಸಬೇಕು

ಎಲ್ಲದಕ್ಕೂ ಸಿಎಂವೈಕೆ ಬೇಡ. ಮದುವೆ ಆಲ್ಬಂ ಫೋಟೋ ಪೇಪರಿನ ಮೇಲೆ ಲ್ಯಾಬಿನಲ್ಲಿ ಆಗುತ್ತಿದ್ದರೆ ಎಸ್‌ಆರ್‌ಜಿಬಿ ಕೊಡಿ, ಆ ಮಷೀನಿಗೆ ಬೇಕಾಗಿರುವುದು ಅದೇ. ಮನೆಯ ಇಂಕ್‌ಜೆಟ್ಟಿಗೂ ಆರ್‌ಜಿಬಿ, ಒಳಗೆ ಎಷ್ಟು ಬಣ್ಣದ ಇಂಕ್ ಇದ್ದರೂ ಸರಿ. ವಿಸಿಟಿಂಗ್ ಕಾರ್ಡು ನೂರಿನ್ನೂರು ಅಗ್ಗಕ್ಕೆ ಮಾಡಿಸುತ್ತಿದ್ದರೆ ಒಂದೇ ಹಾಳೆಯಲ್ಲಿ ಹಲವರ ಕಾರ್ಡು ಒಟ್ಟಿಗೆ ಓಡುತ್ತವೆ. ನಿಮ್ಮ ಲೋಗೋ ಕೆಂಪಾಗಲಿ ಅಂತ ಮಜೆಂಟಾ ಏರಿಸಿದರೆ ಪಕ್ಕದ ಕಾರ್ಡಿನ ಡಾಕ್ಟರ ಮುಖ ಕೆಂಪಾಗುತ್ತದೆ. ಅಲ್ಲಿ ಬಣ್ಣದ ಹಠ ನಡೆಯುವುದಿಲ್ಲ. ಬ್ರ್ಯಾಂಡ್ ಬಣ್ಣ ಪಕ್ಕಾ ಬೇಕಾದರೆ ಪ್ಯಾಂಟೋನ್ ಸ್ಪೆಷಲ್ ಕಲರ್ ಹಾಕಿಸಿ, ದುಡ್ಡು ಜಾಸ್ತಿ ಆಗುತ್ತದೆ.

ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಬೇಡಿ, ಅದು ಚಿತ್ರವನ್ನು ಹಿಂಡಿಹಾಕುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಅಥವಾ ಡ್ರೈವ್ ಲಿಂಕ್ ಕೊಡಿ. ಪುಟ ಸಿದ್ಧವಾದ ಮೇಲೆ ಪಿಡಿಎಫ್ ಮಾಡುವಾಗ ಪ್ರಿಂಟಿಂಗಿಗಾಗಿಯೇ ಇರುವ ಎಕ್ಸ್-1ಎ ಮಾದರಿ ಆರಿಸಿದರೆ ಎಲ್ಲವೂ ಸಿಎಂವೈಕೆಗೆ ಇಳಿದು, ಟ್ರಾನ್ಸ್‌ಪರೆನ್ಸಿ ಚಪ್ಪಟೆಯಾಗಿ ಬರುತ್ತದೆ. ಹಳೆ ಪ್ರೆಸ್ಸುಗಳಿಗೆ ಇದೇ ಸುರಕ್ಷಿತ. ಎಕ್ಸ್-4 ಹೊಸದು, ಪ್ರೊಫೈಲ್ ಇರುವ ಆರ್‌ಜಿಬಿ ಚಿತ್ರಗಳನ್ನೂ ಹೊರುತ್ತದೆ. ಪ್ರೆಸ್ಸಿನವರು ಹೂಂ ಅಂದರೆ ಮಾತ್ರ ಅದು.

ಪ್ರೂಫ್ ಅಂತ ನಮ್ಮಲ್ಲಿ ಕೊಡುವುದು ಹೆಚ್ಚಾಗಿ ಡಿಜಿಟಲ್ ಮಷೀನಿನ ಪ್ರಿಂಟು. ಅದರ ಟೋನರ್ ಬೇರೆ, ನಮ್ಮ ಆಫ್‌ಸೆಟ್ ಇಂಕ್ ಬೇರೆ. ಅದರಲ್ಲಿ ಸ್ಪೆಲಿಂಗ್ ನೋಡಿ, ಮುಹೂರ್ತದ ಟೈಮ್ ನೋಡಿ, ಬಣ್ಣಕ್ಕೆ ಅದನ್ನು ನಂಬಬೇಡಿ. ಬಣ್ಣ ಮುಖ್ಯವಾದ ಕೆಲಸವಾದರೆ ಮಷೀನ್ ಓಡುವ ದಿನ ನೀವೇ ಬನ್ನಿ. ಮೊದಲ ಹಾಳೆಗಳನ್ನು ನೋಡಿ ಗಾಬರಿಯಾಗಬೇಡಿ, ಇಂಕು ನೀರು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಮಷೀನ್‌ಮನ್‌ಗೆ "ಸಯಾನ್ ಐದು ಪರ್ಸೆಂಟ್ ಇಳಿಸಿ" ಅನ್ನಬೇಡಿ, "ಅಣ್ಣ, ಮುಖ ಸ್ವಲ್ಪ ಕೆಂಪಾಯ್ತು" ಅನ್ನಿ. ಯಾವ ಇಂಕ್, ಎಷ್ಟು ಅನ್ನುವುದು ಅವನಿಗೆ ಬಿಡಿ. ಒಪ್ಪಿಗೆಯಾದ ಹಾಳೆಗೆ ಸಹಿ ಮಾಡಿ ಒಂದನ್ನು ಮಷೀನ್ ಪಕ್ಕ ಇಡಿಸಿ, ಇನ್ನೊಂದನ್ನು ಮನೆಗೆ ಒಯ್ಯಿರಿ. ಮುಂದೆ ರೀಪ್ರಿಂಟ್ ಮಾಡಿಸುವಾಗ ಅದೇ ಅಳತೆ. ಅದನ್ನು ಕವರಿನೊಳಗೆ, ಕತ್ತಲಲ್ಲಿ ಇಡಿ. ಬಿಸಿಲಿಗೆ ಮಜೆಂಟಾ, ಹಳದಿ ಬೇಗ ಹಾರಿಹೋಗುತ್ತವೆ, ಆಮೇಲೆ ಆ ಹಾಳೆ ಯಾವ ಕೆಲಸಕ್ಕೂ ಬರುವುದಿಲ್ಲ.